ಅಂಜುತ್ತಲೇ ಸಾಕ್ಷಿ ನುಡಿದವರು

ನಾನು ಕಂಡ ಗಂಡಸರಲ್ಲಿ ನಮ್ಮ ಡಾಕ್ಟರಷ್ಟು ಅಂಜುಬುರುಕರು ಇನ್ನೊಬ್ಬರಿಲ್ಲ. ಅವರು ತೀರಿಕೊಂಡ ಸುದ್ದಿ ಮೊನ್ನೆ ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ರೋಗಿಯೊಬ್ಬನ ಬಾಯಿಂದ ಕೇಳಿದೆ. ಮನೆಗೆ ಬಂದು ಕೂತಾಗ ಮೊದಲು ನೆನಪಾದದ್ದು ಅವರ ಅಂಜಿಕೆಯೇ. ಬದುಕಿದ್ದಾಗ ಇದನ್ನು ಎದುರಿಗೇ ಹೇಳಿದ್ದರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಖರೆ ಅದ ಬಾಯಾರ" ಎಂದು ಒಪ್ಪಿಕೊಂಡು, ಕರಿ ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು.

ಅದು ಮುಂಬಯಿ ಸರಕಾರದ ಕಾಲ. ಜಮಖಂಡಿ ಸಂಸ್ಥಾನ ವಿಲೀನವಾಗಿ ನಾಲ್ಕೈದು ವರ್ಷ ಕಳೆದಿರಬೇಕು. ಮಿರಜಿನಲ್ಲಿ ಕಲಿತು ಬಂದ ನಾನು ಬನಹಟ್ಟಿಯ ಸಣ್ಣ ದವಾಖಾನೆಗೆ ನರ್ಸಾಗಿ ಸೇರಿ ಎಲ್ಲರಿಗೂ 'ಬಾಯಾರು' ಆದೆ. ಅವರು ಅಲ್ಲಿಯ ಡಾಕ್ಟರು. ನಾಲ್ಕು ಮಂಚ, ಒಂದು ಔಷಧದ ಕೋಣೆ, ಅಂಗಳದಲ್ಲಿ ಒಂದು ಬೇವಿನ ಗಿಡ. ಸುತ್ತಲಿನ ಓಣಿಗಳಲ್ಲಿ ಮಗ್ಗದ ಸದ್ದು ಎಷ್ಟು ಎಡೆಬಿಡದೆ ಇರುತ್ತಿತ್ತೆಂದರೆ, ಅದು ನಿಂತಾಗ ಮಾತ್ರ ನಾವು ಏನಾಯಿತೆಂದು ತಲೆ ಎತ್ತಿ ನೋಡುತ್ತಿದ್ದೆವು.

ಅವರಿಗೆ ನಾಯಿಯ ಅಂಜಿಕೆ. ರಬಕವಿಯ ಒಂದು ಮನೆಯಲ್ಲಿ ಮುಧೋಳದಿಂದ ತಂದ ಎತ್ತರದ ಬೇಟೆನಾಯಿ ಇತ್ತು. ಆ ಮನೆಯ ಯಜಮಾನರಿಗೆ ವಿಷಮಜ್ವರ ಬಂದಾಗ ಇವರು ಬೀದಿಯಲ್ಲೇ ನಿಂತು, ನನ್ನನ್ನು ಒಳಗೆ ಕಳಿಸಿ, ಕಿಟಕಿಯಿಂದ ಕೇಳುತ್ತಿದ್ದರು: "ನಾಲಿಗಿ ಹೆಂಗದರಿ? ಹೊಟ್ಟಿ ಮೆಲ್ಲಕ ಒತ್ತಿ ನೋಡ್ರಿ." ಹೀಗೆ ಇಪ್ಪತ್ತು ದಿನ ನಡೆಯಿತು. ರೋಗಿ ಬದುಕಿದರು. ಅವರಿಗೆ ನೀರಿನ ಅಂಜಿಕೆಯೂ ಇತ್ತು. ಅನಗವಾಡಿಯ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟಬೇಕೆಂಬ ಒಂದೇ ಕಾರಣಕ್ಕೆ ಸ್ವಂತ ಅಣ್ಣನ ಮಗಳ ಮದುವೆ ತಪ್ಪಿಸಿದ್ದರು. ವಿಜಾಪುರದಿಂದ ಸಿವಿಲ್ ಸರ್ಜನ್ ತಪಾಸಣೆಗೆ ಬರುತ್ತಾರೆಂದರೆ ಮೂರು ದಿನ ಮೊದಲೇ ಊಟ ಸೇರುತ್ತಿರಲಿಲ್ಲ.

ಆ ಅಂಜಿಕೆಯಿಂದ ರೋಗಿಗಳಿಗೆ ಕೆಟ್ಟದ್ದೇನೂ ಆಗಲಿಲ್ಲ. ಒಂದು ಔಷಧವನ್ನು ಎರಡು ಸಲ ತೂಗಿ, ಮೂರನೆಯ ಸಲ ನನ್ನಿಂದ ತೂಗಿಸುತ್ತಿದ್ದರು. ಬಾಣಂತಿಯ ನಾಡಿ ಸರಿಯಾಗಿದೆ ಎಂದು ನಾನು ಹೇಳಿದರೂ ಹೊಸ್ತಿಲ ತನಕ ಹೋಗಿ ಮತ್ತೆ ತಿರುಗಿ ಬಂದು ಕೈ ಹಿಡಿಯುತ್ತಿದ್ದರು. ಅವರ ಕೈಯಲ್ಲಿ ತಪ್ಪಿನಿಂದ ಸತ್ತವರು ಒಬ್ಬರೂ ಇಲ್ಲ.

ಒಂದು ಮುಂಜಾನೆ, ರೋಗಿಗಳ ಸಾಲು ಕರಗುವ ಹೊತ್ತಿಗೆ, ಚಿಮ್ಮಡದ ದಾರಿಯಿಂದ ಒಂದು ಚಕ್ಕಡಿ ಬಂದು ನಿಂತಿತು. ಒಳಗೆ ಎಡತೋಳಿಗೆ ಧೋತರದ ತುಂಡು ಸುತ್ತಿಕೊಂಡ ಒಬ್ಬ ಆಳು, ಮೂವತ್ತರ ಆಸುಪಾಸಿನವ. ಪಕ್ಕದಲ್ಲಿ ಅವನ ಧಣಿ. ಚಿಮ್ಮಡದಾಚೆಯ ಒಂದು ಊರಿನ ಸಾವ್ಕಾರ. ಹಿಂದೆ ಬಂದ ಪೊಲೀಸಿನವನ ಕೈಯಲ್ಲಿ ಗಾಯ ನೋಡಿ ಸರ್ಟಿಫಿಕೇಟ್ ಕೊಡಬೇಕೆಂಬ ಕಾಗದ. ಫಿರ್ಯಾದಿ ಆಗಲೇ ದಾಖಲಾಗಿತ್ತು. ಸಾವ್ಕಾರನ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ ರೈತನೊಬ್ಬ ಹಿಂದಿನ ಸಂಜೆ ಬದುವಿನ ಮೇಲೆ ಈ ಆಳನ್ನು ಕೊಲ್ಲಲೆಂದು ಕೊಡಲಿ ಬೀಸಿದ ಎಂದು ಅದರಲ್ಲಿತ್ತು. ಆ ರೈತನನ್ನು ಬೆಳಗಿನ ಜಾವವೇ ಹಿಡಿದು ಜಮಖಂಡಿಗೆ ಒಯ್ದಿದ್ದರು.

ಆ ಹೊಲದ ಜಗಳ ಸಂತೆಗೆ ಬಂದವರಿಗೆಲ್ಲ ಗೊತ್ತಿತ್ತು. ಗೇಣಿದಾರರನ್ನು ಕಾಯುವ ಕುಳದ ಕಾಯ್ದೆ ಬಂದ ಮೇಲೆ ಲಾವಣಿಗೆ ಹೊಲ ಮಾಡುವವನನ್ನು ಸುಮ್ಮನೆ ಎಬ್ಬಿಸಲು ಬರುತ್ತಿರಲಿಲ್ಲ. ಸಾವ್ಕಾರ ಎರಡು ವರ್ಷದಿಂದ ಅವನನ್ನು ಬಿಡಿಸಲು ನೋಡುತ್ತಿದ್ದ. ಅವನು ಜೇಲಿಗೆ ಹೋದರೆ ಹೊಲ ತಾನಾಗಿ ಖಾಲಿಯಾಗುತ್ತಿತ್ತು.

ಸುತ್ತಿದ ಬಟ್ಟೆ ಬಿಚ್ಚಿದವಳು ನಾನು. ತೋಳಿನ ಮೇಲೆ ಮೂರು ಗಾಯ, ಒಂದರ ಕೆಳಗೊಂದು, ಪಟ್ಟಿ ಇಟ್ಟು ಗೆರೆ ಎಳೆದಷ್ಟು ಸಮ. ಯಾವುದೂ ಆಳಕ್ಕೆ ಹೋಗಿರಲಿಲ್ಲ. ಕೊಡಲಿ ಬಿದ್ದಿದ್ದರೆ ಎಲುಬು ಉಳಿಯುತ್ತಿರಲಿಲ್ಲ. ಅಂಗಿಯ ತೋಳೂ ಮೂರು ಕಡೆ ಸೀಳಿತ್ತು. ಆದರೆ ಆ ಸೀಳು ಗಾಯಕ್ಕಿಂತ ನಾಲ್ಕು ಬೆರಳು ಕೆಳಗಿತ್ತು, ಅಂಚಿನಲ್ಲಿ ರಕ್ತವೇ ಇರಲಿಲ್ಲ. ನಾನು ನೋಡಿದೆ. ಡಾಕ್ಟರು ನೋಡಿದರು. ನಾವಿಬ್ಬರೂ ನೋಡಿದ್ದನ್ನು ಸಾವ್ಕಾರ ನೋಡಿದ.

"ಅಂವ ಕೊಡ್ಲಿ ಬೀಸಿದಾಗ ನೀ ಯಾ ಕಡೆ ಮಾರಿ ಮಾಡಿ ನಿಂತಿದ್ದಿ, ತಮ್ಮಾ?" ಎಂದು ಡಾಕ್ಟರು ಕೇಳಿದರು.

ಆಳು ಸಾವ್ಕಾರನ ಮುಖ ನೋಡಿದ.

"ಅಂವನ್ನೇನ್ ಕೇಳತೀರಿ? ಅಂವಾ ಅಂಜಿ ಬಿಟ್ಟಾನ" ಎಂದ ಸಾವ್ಕಾರ. "ಎಲ್ಲಾ ಫಿರ್ಯಾದಿವಳಗ ಬರದ ಕೊಟ್ಟೇವಲ್ಲ. ನೀವು ಕೊಡ್ಲಿ ಗಾಯ ಅಂತ ಬರದ್ರ ಆತು."

ಡಾಕ್ಟರು ಪೊಲೀಸಿನವನ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು. "ಎರಡ ದಿನ ಇಲ್ಲೇ ಇರ್ಲಿರಿ. ನೋಡಿ ಬರೀತೇನಿ" ಎಂದರು.

ಮರುದಿನ ಸಾವ್ಕಾರ ಒಬ್ಬನೇ ಬಂದ. ಧ್ವನಿ ಏರಿಸುವ ಮನುಷ್ಯ ಅವನಲ್ಲ. ರೋಗಿಗಳು ಕೂಡುವ ಬಾಕಿನ ಮೇಲೆ ಕೂತು, ವೀಳ್ಯದೆಲೆಯ ತೊಟ್ಟು ಮುರಿಯುತ್ತ ಹೇಳಿದ: "ಸಾಹೇಬ್ರ, ನೀವು ಛಲೋ ಮನಶ್ಯಾರು. ಸೈಕಲ್ ಮ್ಯಾಲ ಒಬ್ರ ಹಳ್ಳಿಗೆ ಹೋಗಿ ಬರತೀರಿ. ಚಿಮ್ಮಡದ ದಾರ್ಯಾಗ ನಾಯಿ ಭಾಳ ಆಗ್ಯಾವ. ಕಟ್ಟಸು ಅಂದ್ರ ಕಟ್ಟಸತೇನಿ. ಬಿಡು ಅಂದ್ರ ಬಿಡತೇನಿ. ನೀವ ಹೇಳ್ರಿ."

ಅವನು ಹೋದ ಮೇಲೆ ಡಾಕ್ಟರು ನೀರು ಕುಡಿಯಲು ಲೋಟ ಎತ್ತಿದರು. ಕುಡಿಯದೆ ಕೆಳಗಿಟ್ಟರು.

ಆಗ ನಾನು ಆಡಿದ ಮಾತನ್ನು ಮುಚ್ಚಿಡುವುದಿಲ್ಲ. "ಸಾಹೇಬ್ರ, ಕೊಡ್ಲಿ ಅಂತ ಬರದ ಬಿಡ್ರಿ. ಅವರ ಹೊಲಮನಿ ನಮಗ್ಯಾಕ ಬೇಕರಿ?" ಎಂದೆ. ಆ ರೈತನ ಹೆಂಡತಿ ಹಿಂದಿನ ದಿನದಿಂದ ಅಂಗಳದ ಬೇವಿನ ಗಿಡದ ಕೆಳಗೆ ಸೆರಗು ಬಿಗಿದುಕೊಂಡು ನಿಂತಿದ್ದಳು. ನಮ್ಮನ್ನು ಏನೂ ಕೇಳಲಿಲ್ಲ, ಒಳಗೆ ಬರಲಿಲ್ಲ. ಅವಳು ಕಾಣದಂತೆ ನಾನು ಕಿಟಕಿಯ ಕಡೆ ಬೆನ್ನು ಮಾಡಿ ಕೂತಿದ್ದೆ.

"ಬಾಯಾರ, ನಾ ಸುಳ್ಳ ಬರದ್ರ ಆ ರೈತ ಹತ್ತು ವರ್ಷ ಒಳಗ" ಎಂದರು ಡಾಕ್ಟರು. "ಖರೆ ಬರದ್ರ ಈ ಆಳು ಒಳಗ. ಖೊಟ್ಟಿ ಫಿರ್ಯಾದಿ ಮಾಡಿದವಗ ಏಳು ವರ್ಷದ ತನಕ ಶಿಕ್ಷಾ ಅದ. ಹೆಬ್ಬಟ್ಟು ಒತ್ತಿದಾಂವ ಇಂವಾ. ಹೆಂಗ ಬರದ್ರೂ ಸಾವ್ಕಾರ ಹೊರಗ. ನನಗ ಕೈನ ಏಳವಲ್ದು."

ಅಂದು ಮಧ್ಯಾಹ್ನ ಅವರು ರಬಕವಿಗೆ ಹೋದರು. ಅಲ್ಲಿ ಅವರ ಜೊತೆ ಸಾಲಿ ಕಲಿತ ವಕೀಲರೊಬ್ಬರಿದ್ದರು. ತಿರುಗಿ ಬಂದಾಗ ಜೇಬಿನಲ್ಲಿ ಒಂದು ಚೀಟಿ. ಎರಡು ನೂರಾ ಹನ್ನೊಂದನೆಯ ಕಲಮನ್ನು ಕಾಯ್ದೆ ಪುಸ್ತಕದಿಂದ ಇಳಿಸಿಕೊಂಡು ಬಂದಿದ್ದರು. ತಪ್ಪಿಲ್ಲವೆಂದು ಗೊತ್ತಿದ್ದೂ ಒಬ್ಬನಿಗೆ ಕೇಡಾಗಲೆಂದು ಅವನ ಮೇಲೆ ಖಟ್ಲೆ ಹೂಡಿದವನಿಗೆ ಶಿಕ್ಷೆ ಎಂಬುದರ ಜೊತೆಗೆ, ಹೂಡಿಸಿದವನಿಗೂ ಎಂದಿತ್ತು. ಆ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದರು.

"ಹೂಡಿಸಿದಾಂವನೂ ಬರ್ತಾನ ಬಾಯಾರ. ಕಾಯ್ದೆ ಬರದವ್ರಿಗೆ ಇಂಥಾ ಸಾವ್ಕಾರ್ರು ಗೊತ್ತಿದ್ರು ಕಾಣಸ್ತದ. ಆದ್ರ ಹೂಡಿಸಿದ್ದು ಯಾರು ಅಂತ ಈ ಆಳ ತನ್ನ ಬಾಯಿಲೆ ಹೇಳಬೇಕು. ಹೇಳಿದ್ರ ಮಾಫಿ ಸಾಕ್ಷಿ ಅಂತ ಮಾಡಿ ಬಿಡಲಿಕ್ಕೂ ಬರ್ತದಂತ."

ಮಾರನೆಯ ದಿನ ಮುಂಜಾನೆ, ಗಾಯ ತೊಳೆದು ಕಟ್ಟಿದ ಮೇಲೆ, ಡಾಕ್ಟರು ಆ ಆಳಿನ ಮಂಚದ ಅಂಚಿನಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ.

"ತಮ್ಮಾ, ಫಿರ್ಯಾದಿ ಯಾರು ಕೊಟ್ರು?"

"ನಾ ಏನೂ ಹೇಳಿಲ್ರಿ. ಧಣ್ಯಾರ ಹೇಳಿದ್ರು. ನಾ ಹೆಬ್ಬಟ್ಟ ಒತ್ತೀನಿ."

"ಹೆಬ್ಬಟ್ಟು ಯಾರದು?"

ಅವನು ತನ್ನ ಬೆರಳನ್ನು ತಾನೇ ನೋಡಿಕೊಂಡ. "ನಂದ ಐತ್ರಿ."

"ಈ ಗಾಯ ಕೊಡ್ಲೀದಲ್ಲ. ಅದನ್ನ ನಾ ಬರಿಯಾಂವ. ನಾ ಬರದ್ರ ಕಾಯ್ದೆ ಮೊದಲ ನಿನ್ನ ಹಿಡೀತದ. ಸುಳ್ಳ ಫಿರ್ಯಾದಿಗೆ ಏಳು ವರ್ಷದ ಮಟ ಅದ. ಧಣಿ ಹೆಸರ ಆ ಕಾಗದದಾಗ ಎಲ್ಲೂ ಇಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತಟ್ಟನೆ ಎದ್ದು ಕೂತ. ಕಬ್ಬಿಣದ ಮಂಚ ಅಲುಗಿ ಕಿರುಗುಟ್ಟಿತು. ಇಬ್ಬರು ತನ್ನನ್ನು ಹಿಡಿದುಕೊಂಡಿದ್ದರು, ಸಾವ್ಕಾರ ಕ್ಷೌರದ ಕತ್ತಿಯಿಂದ ತಾನೇ ಗೀರಿದ, ಎರಡು ದಿನದಲ್ಲಿ ಮಾಯುತ್ತದೆ ಎಂದು ಹೇಳಿದ ಎಂದು ತಡೆತಡೆದು ಹೇಳಿದ. "ಇದನ್ನ ಹೇಳಿದ್ರ ಧಣಿ ಕೊಲ್ಲತಾನ್ರಿ. ಹೇಳದಿದ್ರ ಸರಕಾರ ಒಳಗ ಹಾಕತೈತಿ. ನಾ ಎಲ್ಲಿ ಹೋಗಲಿರಿ?"

ಡಾಕ್ಟರು ಅವನಿಗೆ ಧೈರ್ಯದ ಮಾತು ಹೇಳಲಿಲ್ಲ. ಅವರಿಗೆ ಅದು ಬರುತ್ತಲೂ ಇರಲಿಲ್ಲ. "ಜಮಖಂಡಿ ಮ್ಯಾಜಿಸ್ಟ್ರೇಟ್ರ ಮುಂದ ಹೋಗಿ ಹೇಳೂಣು. ನಾನೂ ಬರ್ತೇನಿ" ಎಂದರು. ಆಮೇಲೆ ಔಷಧದ ಕೋಣೆಗೆ ಬಂದು ಸರ್ಟಿಫಿಕೇಟ್ ಬರೆದರು. ಮೂರು ಸಲ ಹರಿದು, ನಾಲ್ಕನೆಯ ಸಲ ಉಳಿಸಿದರು. ಗಾಯ ಕೊಡಲಿಯಿಂದ ಆದದ್ದಲ್ಲ, ಹಗುರವಾದ ಹರಿತ ಅಲಗಿನಿಂದ, ತೋಳು ಅಲುಗದಂತೆ ಹಿಡಿದಿದ್ದಾಗ ಆದದ್ದು ಎಂದು ಅದರಲ್ಲಿತ್ತು. ಅದನ್ನು ಪೊಲೀಸರಿಗೆ ಮುಟ್ಟಿಸಿ ಬಂದರು.

ಮರುದಿನ ಮುಂಜಾನೆಯ ಬಸ್ಸಿಗೆ ಮೂವರೂ ಹೊರಟೆವು. ನನ್ನನ್ನು ಕರೆದದ್ದು ಅಂಗಿಯ ವಿಷಯ ಹೇಳಲೆಂದು, ಜೊತೆಗೆ ಒಬ್ಬರೇ ಹೋಗುವ ಧೈರ್ಯ ಡಾಕ್ಟರಿಗೆ ಇರಲಿಲ್ಲವೆಂದು. ಬಸ್ಸು ಹೊರಡುವಾಗ ತಲೆಗೆ ರುಮಾಲು ಸುತ್ತಿದ ಇಬ್ಬರು ಹತ್ತಿ ನಮ್ಮ ಹಿಂದಿನ ಸೀಟಿನಲ್ಲೇ ಕೂತರು. ಆಳು ತಿರುಗಿ ನೋಡಿ ಬಿಳಿಚಿಕೊಂಡ. ತನ್ನನ್ನು ಹಿಡಿದುಕೊಂಡಿದ್ದವರು ಅವರೇ ಎಂದು ಕಣ್ಣಿನಲ್ಲೇ ಹೇಳಿದ.

ಜಮಖಂಡಿ ಬರುವ ತನಕ ಅವರಲ್ಲೊಬ್ಬನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಡಾಕ್ಟರು ಆಳಿನ ಮಣಿಕಟ್ಟು ಹಿಡಿದುಕೊಂಡು ಮಲೇರಿಯಾದ ಬಗ್ಗೆ ಮಾತಾಡತೊಡಗಿದರು. ಚಳಿ ಯಾವಾಗ ಬರುತ್ತದೆ, ಗುಲ್ಮ ಹೇಗೆ ಊದುತ್ತದೆ, ಕ್ವಿನೈನ್ ಎಷ್ಟು ಕೊಡಬೇಕು ಎಂದು ದಾರಿಯುದ್ದಕ್ಕೂ ಒಂದೇ ಸಮನೆ ಹೇಳಿದರು. ಮಾತು ನಿಲ್ಲಿಸಿದರೆ ಅತ್ತುಬಿಡುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು. ಕೋಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಬಸ್ಸಿಳಿದು ಕೋರ್ಟಿನ ಕಡೆ ನಡೆದೆವು. ಅವರಿಬ್ಬರೂ ಇಪ್ಪತ್ತು ಹೆಜ್ಜೆ ಬಿಟ್ಟು ಹಿಂದೆಯೇ ಬಂದರು. ಕೋರ್ಟಿನ ಮೆಟ್ಟಿಲ ಹತ್ತಿರ ಡಾಕ್ಟರ ಕಾಲು ಸೋತವು. ಅಲ್ಲೇ ಕೂತುಬಿಟ್ಟರು. ಅದನ್ನು ಕಂಡು ಆಳು ಕೈ ಬಿಡಿಸಿಕೊಂಡ.

"ನಾ ಒಲ್ಲೆರಿ ಸಾಹೇಬ್ರ. ನಾ ಊರಿಗೆ ಹೊಕ್ಕೇನಿ. ನೀವ ಹಿಂಗ ಅಂಜಾಕತ್ತೀರಿ."

"ಹೌದಪಾ, ನನಗ ಭಾಳ ಅಂಜಿಕಿ ಅದ" ಎಂದರು ಡಾಕ್ಟರು. ಕೂತಲ್ಲಿಂದಲೇ ಕೈ ಚಾಚಿದರು. "ಒಬ್ಬೊಬ್ರ ಅಂಜೂದಕ್ಕಿಂತ ಇಬ್ರೂ ಕೂಡೇ ಅಂಜೂಣು. ನನ್ನ ಎಬ್ಬಸು, ಒಳಗ ನಡಿ."

ಗಾಯವಾದ ತೋಳಿನಿಂದಲೇ ಅವನು ಅವರನ್ನು ಎಬ್ಬಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಹಿಂದೆ ಬಂದವರು ಗೇಟಿನಲ್ಲೇ ನಿಂತರು.

ಮ್ಯಾಜಿಸ್ಟ್ರೇಟರು ಎಲ್ಲರನ್ನೂ ಹೊರಗೆ ಕಳಿಸಿ ಆಳಿನ ಹೇಳಿಕೆಯನ್ನು ಬರೆದುಕೊಂಡರು. ನಾಲ್ಕು ದಿನಕ್ಕೆ ರೈತ ಬಿಡುಗಡೆಯಾದ. ಸಾವ್ಕಾರನ ಮೇಲೆ ಮತ್ತು ಆ ಇಬ್ಬರ ಮೇಲೆ ಖಟ್ಲೆ ನಿಂತಿತು. ಆಳಿಗೆ ಮಾಫಿ ಸಿಕ್ಕಿತು.

ಆದರೆ ಮಾಫಿ ಸಾಕ್ಷಿಯನ್ನು ಖಟ್ಲೆ ಮುಗಿಯುವ ತನಕ ಹೊರಗೆ ಬಿಡುವುದಿಲ್ಲ ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ. ಆಳನ್ನು ಅಲ್ಲಿಂದಲೇ ಜೇಲಿಗೆ ಒಯ್ದರು. ಡಾಕ್ಟರ ಮುಖ ಅಂದು ಕಪ್ಪಿಟ್ಟಿತು. ಆಮೇಲೆ ಪ್ರತಿ ರವಿವಾರ ಅವರು ಜಮಖಂಡಿಗೆ ಹೋಗಿ ಅವನನ್ನು ನೋಡಿ ಬರುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ. ಆಳು ಸರಳುಗಳ ಆಚೆ ನಿಂತು ಹೇಳಿದ: "ನೀವು ಹೇಳಿದ್ರಿ ಅಂತ ಖರೆ ಹೇಳಿದೆ. ಸುಳ್ಳ ಹೇಳಿದ್ರ ಇವತ್ತ ಮನ್ಯಾಗ ಇರತಿದ್ನಿ. ಇನ್ನ ಬರಬ್ಯಾಡ್ರಿ." ಡಾಕ್ಟರು ಮುಂದಿನ ರವಿವಾರ ಮತ್ತೆ ಹೋದರು. ಅವನು ಮುಖ ತಿರುಗಿಸಿಕೊಂಡು ಕೂತನಂತೆ. ಅದರ ಮುಂದಿನ ವಾರವೂ ಹೋದರು.

ಆ ತಿಂಗಳುಗಳಲ್ಲಿ ಅವರು ಸಣ್ಣಪುಟ್ಟದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಬಿಡುಗಡೆಯಾದ ರೈತ ಒಮ್ಮೆ ಸುಟ್ಟು ಸೀತನಿ ಮಾಡಿ ತಿನ್ನಲೆಂದು ಹಸಿ ಜೋಳದ ತೆನೆ ತಂದ. "ಒಯ್ಯಪಾ, ಬ್ಯಾಡ" ಎಂದು ಅಂಗಳದಿಂದಲೇ ತಿರುಗಿಸಿದರು. "ನಾಳೆ ಕೋರ್ಟನ್ಯಾಗ ಸೀತನಿ ತಿಂದು ಸರ್ಟಿಫಿಕೇಟ್ ಬರದಾನ ಅಂತಾರ." ಹಳ್ಳಿಗೆ ಹೋಗಬೇಕಾದಾಗ ಚಿಮ್ಮಡದ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದರು. ಹೋಗುವುದನ್ನು ಮಾತ್ರ ಬಿಡಲಿಲ್ಲ.

ಖಟ್ಲೆ ವಿಜಾಪುರದ ದೊಡ್ಡ ಕೋರ್ಟಿಗೆ ಹೋಯಿತು. ಅಂಗಿಯ ಸೀಳಿನ ಬಗ್ಗೆ ನಾನೂ ಸಾಕ್ಷಿ ಹೇಳಿದೆ. ಹೇಳುವಾಗ ಕಟಕಟೆಯ ಕಟ್ಟಿಗೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಗೆ ಸಿಬಿರು ಚುಚ್ಚಿತ್ತು. ಡಾಕ್ಟರನ್ನು ಸಾವ್ಕಾರನ ವಕೀಲರು ಒಂದು ತಾಸು ನಿಲ್ಲಿಸಿದರು.

"ನೀವು ಭಾಳ ಪುಕ್ಕಲು ಮನುಷ್ಯಾರಂತಲ್ಲ, ಖರೆನೋ?"

"ಖರೆರಿ."

"ನಾಯಿಗೆ ಅಂಜತೀರಿ?"

"ಅಂಜತೇನ್ರಿ."

"ಸಾವ್ಕಾರ್ರಿಗೆ?"

"ಅವರಿಗೂ ಅಂಜತೇನ್ರಿ. ಈಗೂ ಅಂಜಲಿಕತ್ತೇನಿ."

"ಅಂದ ಮ್ಯಾಲ ಈ ಸರ್ಟಿಫಿಕೇಟ್ ನೀವು ಯಾರಿಗೋ ಅಂಜಿ ಬರದದ್ದು."

ಡಾಕ್ಟರು ಟೋಪಿ ಸರಿಮಾಡಿಕೊಂಡರು. "ಅಂಜಿಕಿ ಮಾತು ಕೇಳಿದ್ರ ಕೊಡ್ಲಿ ಅಂತ ಬರೀತಿದ್ದೆರಿ" ಎಂದರು.

ನ್ಯಾಯಾಧೀಶರು ತಲೆ ಎತ್ತಿ ಅವರನ್ನು ನೋಡಿ, ಆ ಮಾತನ್ನು ಬರೆದುಕೊಂಡರು. ವಕೀಲರು ಮುಂದೆ ಹೆಚ್ಚು ಕೇಳಲಿಲ್ಲ.

ಸಾವ್ಕಾರನಿಗೆ ಮೂರು ವರ್ಷ ಶಿಕ್ಷೆಯಾಯಿತು. ಹಿಡಿದುಕೊಂಡಿದ್ದ ಇಬ್ಬರಿಗೆ ಒಂದೊಂದು ವರ್ಷ. ಆಳು ಅಂದೇ ಹೊರಬಂದ. ಊರಿಗೆ ಹೋಗಲು ಧೈರ್ಯ ಸಾಲದೆ ರಬಕವಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ. ಡಾಕ್ಟರನ್ನು ಕಂಡರೆ ಬಹಳ ದಿನ ಮಾತಾಡುತ್ತಿರಲಿಲ್ಲ. ಹೆಂಡತಿಯ ಹೆರಿಗೆಗೆ ಮಾತ್ರ ನಮ್ಮಲ್ಲಿಗೇ ಕರೆತಂದ. ಆಗಲೂ ಡಾಕ್ಟರ ಮುಖ ನೋಡದೆ, ನೆಲ ನೋಡುತ್ತ, "ನೀವ ಇರ್ರಿ ಒಳಗ" ಎಂದ. ಅಷ್ಟಕ್ಕೇ ಡಾಕ್ಟರು ಆ ದಿನವೆಲ್ಲ ಹಗುರಾಗಿದ್ದರು.

ಶಿಕ್ಷೆ ಮುಗಿಸಿ ಬಂದ ಮೇಲೆ ಒಂದು ಮುಂಜಾನೆ ಸಾವ್ಕಾರ ದವಾಖಾನೆಗೆ ಬಂದ. ಉಳಿದ ರೋಗಿಗಳ ಜೊತೆ ಬಾಕಿನ ಮೇಲೆ ಪಾಳಿ ಕಾಯುತ್ತ ಕೂತ. ಮೈ ಇಳಿದಿತ್ತು. ನಾನು ಬಾಗಿಲ ಹತ್ತಿರ ಸರಿದು ನಿಂತೆ, ಏನಾದರೂ ಆದರೆ ಜನರನ್ನು ಕೂಗಲೆಂದು. ಡಾಕ್ಟರು ಅವನನ್ನು ಕಂಡು ಕುರ್ಚಿಯ ಕೈ ಹಿಡಿದುಕೊಂಡರು. ಅವನ ಪಾಳಿ ಬಂದಾಗ ಹತ್ತಿರ ಕರೆದರು.

"ಏನಾಗ್ತದರಿ ಸಾವ್ಕಾರ್ರ?"

"ನಿದ್ದಿ ಬರವಲ್ದರಿ. ಹೊರಗ ಯಾರರೆ ಕೆಮ್ಮಿದ್ರ ಎದಿ ಬಡಕೊಳ್ಳತೈತಿ. ಯಾರರೆ ಹೆಸರ ಹಿಡದ ಕರದ್ರ ಬೆವರತೇನಿ. ಮೊದಲ ನಾ ಹಿಂಗ ಇರಲಿಲ್ರಿ."

ಡಾಕ್ಟರು ಕೊಳವೆಯನ್ನು ಅವನ ಎದೆಗಿಟ್ಟು ಬಹಳ ಹೊತ್ತು ಕೇಳಿದರು. ಇಬ್ಬರಲ್ಲಿ ಯಾರ ಮೈ ನಡುಗುತ್ತಿತ್ತೋ ನನಗೆ ತಿಳಿಯಲಿಲ್ಲ.

"ಎದಿ ಗಟ್ಟಿ ಅದ. ಇದು ಅಂಜಿಕಿ."

"ಇದಕ್ಕ ಔಷಧ ಐತೇನ್ರಿ?"

"ಇದ್ದಿದ್ರ ನಾ ತಗೋತಿದ್ದಿಲ್ಲೇನ್ರಿ?"

ಸಾವ್ಕಾರ ನಗಲಿಲ್ಲ. ಡಾಕ್ಟರೂ ನಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಅವನ ಕಡೆ ಸರಿಸಿ, "ಕೂಡ್ರಿ ಸ್ವಲ್ಪ" ಎಂದು ಮುಂದಿನ ರೋಗಿಯನ್ನು ಕರೆದರು. ಸಾವ್ಕಾರ ಮಧ್ಯಾಹ್ನ ಮಂದಿ ಕರಗುವ ತನಕ ಆ ಮೂಲೆಯಲ್ಲೇ ಕೂತಿದ್ದು, ಎದ್ದು ಹೋದ.

"ಅಂಥವನ್ನ ಅಷ್ಟ ಹೊತ್ತ ಯಾಕ ಕೂಡ್ರಿಸಿಕೊಂಡ್ರಿ?" ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

ಡಾಕ್ಟರು ಕೈ ತೊಳೆಯುತ್ತಿದ್ದರು. "ಮುಂಜಾನಿ ಅಷ್ಟ ಮಂದಿ ನಡುವ ಹಾದು ಮನಿಗೆ ಹೋಗಲಿಕ್ಕೆ ಅಂಜತಿದ್ದ ಬಾಯಾರ" ಎಂದರು. "ನಿಮಗ ಕಾಣಲಿಲ್ಲ. ನನಗ ಗೊತ್ತಾಗ್ತದ."